ಹೆಂಚು ಇಳಿಸುವ ಮುನ್ನ ಅಡುಗೆಮನೆ ನೋಡಿ

ದೀಪಾವಳಿ ಮುಗಿದು ಭತ್ತದ ಕಟಾವು ಆದ ಮೇಲೆ ಖಾನಾಪುರ ತಾಲ್ಲೂಕಿನಲ್ಲಿ ಮನೆ ಕೆಲಸದ ಸೀಜನ್ ಶುರುವಾಗುತ್ತದೆ. ಜಾಂಬೋಟಿ ಕಡೆ ಹೋದರೂ ಅದೇ, ನಂದಗಡದ ಕಡೆ ಹೋದರೂ ಅದೇ. ಅಂಗಳದಲ್ಲಿ ಇಳಿಸಿಟ್ಟ ಹೆಂಚಿನ ಸಾಲು, ಪಕ್ಕದಲ್ಲಿ ಸೆಂಟ್ರಿಂಗ್ ಹಲಗೆ, ಕಬ್ಬಿಣದ ಸರಳು. ಮನೆ ಯಜಮಾನನ ಮೊಬೈಲಿನಲ್ಲಿ ಇಂಜಿನಿಯರ್ ಕಳಿಸಿದ ತ್ರೀಡಿ ಚಿತ್ರ. ಆ ಚಿತ್ರದಲ್ಲಿ ಮನೆಯ ಮುಂಭಾಗ ಮಾತ್ರ ಇರುತ್ತದೆ: ಗಾಜಿನ ರೇಲಿಂಗು, ಟೆಕ್ಸ್ಚರ್ ಬಣ್ಣ, ಎಲ್‌ಇಡಿ ಪಟ್ಟಿ. ಅಡುಗೆಮನೆ, ಬಚ್ಚಲು ಯಾವ ಚಿತ್ರದಲ್ಲೂ ಇರುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ನಮ್ಮ ಕಡೆ ಮನೆ ರಿಪೇರಿ ಮುಂಭಾಗದಿಂದ ಶುರುವಾಗುತ್ತದೆ. ಸಾಲದ ದುಡ್ಡಿನ ಬಹುಪಾಲು ಸ್ಲ್ಯಾಬ್ ಮತ್ತು ಎಲಿವೇಶನ್‌ಗೆ ಹೋಗುತ್ತದೆ. ಒಳಗೆ ಬರುವಷ್ಟರಲ್ಲಿ ಕೈ ಖಾಲಿ. ದಿನದ ಹತ್ತು ತಾಸು ಒಳಗೇ ದುಡಿಯುವ ಹೆಣ್ಣುಮಕ್ಕಳಿಗೆ ಮತ್ತೆ ಅದೇ ಕತ್ತಲೆ ಒಲೆ, ಹಿತ್ತಲಿನಲ್ಲಿ ಅದೇ ಬಚ್ಚಲು. ಮಳೆಗಾಲದ ರಾತ್ರಿ ಶೌಚಾಲಯಕ್ಕೆ ಹೋಗಲು ಅಜ್ಜಿ ಛತ್ರಿ ಹಿಡಿದು ಅಂಗಳ ದಾಟಬೇಕು. ಬೀದಿಯಿಂದ ನೋಡಿದರೆ ಮಾತ್ರ ಬಂಗಲೆ.

ಇನ್ನೊಂದು ತಮಾಷೆ ನೋಡಿ. ಹೆಂಚು ತೆಗೆದು ಸ್ಲ್ಯಾಬ್ ಹಾಕಿದ ಮನೆಗಳನ್ನು ನಾಲ್ಕೈದು ಮಳೆಗಾಲ ಕಳೆದ ಮೇಲೆ ಗಮನಿಸಿ. ಎಷ್ಟೋ ಮನೆಗಳ ಸ್ಲ್ಯಾಬಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ, ನೀಲಿ ಅಥವಾ ಕೆಂಪು ಪತ್ರಾ ಹೊದಿಸಿರುತ್ತಾರೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಸುರಿಯುವ ಮಳೆ ಸಮತಟ್ಟಾದ ಸ್ಲ್ಯಾಬಿಗೆ ಬಗ್ಗುವಂಥದ್ದಲ್ಲ. ಇಳಿಜಾರು ಸಾಲದೆ ನೀರು ನಿಲ್ಲುತ್ತದೆ, ಎಲೆ ಬಿದ್ದು ಪೈಪು ಕಟ್ಟಿಕೊಳ್ಳುತ್ತದೆ, ಕೂದಲೆಳೆಯಷ್ಟು ಬಿರುಕಿನಲ್ಲಿ ನೀರು ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆಮೇಲೆ ಮತ್ತೆ ಇಳಿಜಾರು ಮಾಡು ಬೇಕೇ ಬೇಕು. ಅಂದರೆ ಒಂದೇ ಮನೆಗೆ ಎರಡು ಮಾಡು, ಎರಡು ಸಲ ಖರ್ಚು. ಹೆಂಚಿನ ಇಳಿಜಾರನ್ನು ಬೀಳಿಸಿ, ಕೊನೆಗೆ ಪತ್ರಾದ ಇಳಿಜಾರಿಗೇ ಬಂದು ನಿಂತೆವು.

ದುಡ್ಡಿನದು ಒಂದು ಮಾತಾದರೆ ಜೀವದ್ದು ಇನ್ನೊಂದು. ಐದು ಇಂಚಿನ ಸ್ಲ್ಯಾಬ್ ಒಂದು ಚದರ ಅಡಿಗೆ ಸುಮಾರು 30 ಕೆ.ಜಿ. ತೂಗುತ್ತದೆ. ಸಾವಿರ ಚದರ ಅಡಿಗೆ 30 ಟನ್. ಹೆಂಚು, ಜಂತಿ, ರೀಪು ಎಲ್ಲ ಸೇರಿದರೂ ಅದರ ಕಾಲು ಭಾಗ ದಾಟುವುದಿಲ್ಲ. ಮಣ್ಣಿನ ಗಾರೆಯಲ್ಲಿ ಕೆಂಪು ಕಲ್ಲು ಜೋಡಿಸಿ ಕಟ್ಟಿದ ಅಜ್ಜನ ಕಾಲದ ಗೋಡೆ ಆ ಕಾಲು ಭಾಗದ ಭಾರಕ್ಕೆ ತಯಾರಾದದ್ದು. ಅದರ ಮೇಲೆ ಪಿಲ್ಲರ್ ಇಲ್ಲದೆ ಸ್ಲ್ಯಾಬ್ ಕೂರಿಸಿದರೆ ಗೋಡೆ ಎಷ್ಟು ದಿನ ತಡೆದೀತು? ಅನುಭವಿ ಗೌಂಡಿಗಳಿಗೆ ಇದು ಗೊತ್ತು. ಆದರೆ 'ಪಕ್ಕದ ಮನೆಯವರು ಹಾಕಿಲ್ಲೇನು?' ಎಂದು ಕೇಳಿದರೆ ಅವರೂ ಸುಮ್ಮನಾಗುತ್ತಾರೆ. ಕೆಲಸ ಬಿಟ್ಟರೆ ಅವರ ಹೊಟ್ಟೆಪಾಡು?

2021ರ ಅಕ್ಟೋಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಹಳೆ ಮನೆಯ ಗೋಡೆ ಕುಸಿದು ಏಳು ಜನ ತೀರಿಕೊಂಡರು. ಅದಕ್ಕೂ ಮೊದಲು, 2019ರ ಆಗಸ್ಟ್ ಪ್ರವಾಹದಲ್ಲಿ ಜಿಲ್ಲೆಯ ಸಾವಿರಾರು ಮನೆ ಬಿದ್ದವು. ಅಂದಿನಿಂದ ಹೆಂಚಿನ ಮನೆ ಅಂದರೆ ಬೀಳುವ ಮನೆ ಎಂಬ ಹೆದರಿಕೆ ಜನರಲ್ಲಿ ಕೂತಿದೆ. ಹೆದರಿಕೆ ಸುಳ್ಳಲ್ಲ, ಅದರ ಗುರಿ ಮಾತ್ರ ತಪ್ಪಿದೆ. ಮನೆ ಕೆಡವಿದ್ದು ತಲೆಯ ಮೇಲಿನ ಹೆಂಚಲ್ಲ, ಬುಡದಲ್ಲಿ ನೀರು ಕುಡಿದ ಗೋಡೆ. ಗೋಡೆಯನ್ನು ಹಾಗೇ ಬಿಟ್ಟು ಮಾಡನ್ನು ಮಾತ್ರ ಭಾರ ಮಾಡಿದರೆ ಅಪಾಯ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಹಳ್ಳಿಯಲ್ಲಿ ಇನ್ನೊಂದು ತೊಡಕು ವಾಟ್ನಿ. ಅಣ್ಣ ತಮ್ಮಂದಿರ ಪಾಲಾಗಿ ಪಡಸಾಲೆಯ ನಡುವೆ ಗೋಡೆ ಎದ್ದಿರುತ್ತದೆ. ಅಣ್ಣನ ಅರ್ಧ ಸ್ಲ್ಯಾಬ್, ತಮ್ಮನ ಅರ್ಧ ಹೆಂಚು. ಎರಡೂ ಕೂಡುವ ಜಾಗದಲ್ಲಿ ವರ್ಷವೂ ಸೋರಿಕೆ, ವರ್ಷವೂ ಜಗಳ. ಬುನಾದಿ ಅಗೆಯುವ ಮೊದಲು ಇಬ್ಬರೂ ಕೂತು ನೀರು ಯಾವ ಕಡೆ ಇಳಿಯಬೇಕು ಎಂದು ಮಾತಾಡಿದರೆ ಅರ್ಧ ತಂಟೆ ಅಲ್ಲಿಗೇ ಮುಗಿಯುತ್ತದೆ.

ಬೆಳಗಾವಿ ಶಹರದ ಕಥೆ ರೂಪದಲ್ಲಿ ಬೇರೆ, ಒಳಗೆ ಅದೇ. ಹಳೆಯ ಗಲ್ಲಿಗಳ ಮನೆ ಮುಂದೆ ಅಗಲ ಕಡಿಮೆ, ಹಿಂದಕ್ಕೆ ಉದ್ದ. ಎರಡೂ ಪಕ್ಕದಲ್ಲಿ ಬೇರೆಯವರ ಗೋಡೆ, ಕಿಟಕಿಗೆ ಜಾಗವಿಲ್ಲ. ಆದ್ದರಿಂದಲೇ ಹಿಂದಿನವರು ನಡುವೆ ತೆರೆದ ಚೌಕ ಬಿಟ್ಟಿದ್ದರು. ಗಾಳಿ ಬೆಳಕು ಬರುವುದು ಅಲ್ಲಿಂದಲೇ. ಈಗ ರಿಪೇರಿ ಅಂದರೆ ಮೊದಲು ಮುಚ್ಚುವುದು ಆ ಚೌಕವನ್ನೇ. ಒಂದು ಖೋಲಿ ಹೆಚ್ಚು ಸಿಗುತ್ತದೆ, ಉಳಿದ ಖೋಲಿಗಳಿಗೆ ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕಾಗುತ್ತದೆ. ವಡಗಾವಿ, ಖಾಸಬಾಗದ ನೇಕಾರರ ಮನೆಗಳಲ್ಲಂತೂ ಮಗ್ಗವೂ ಮನೆಯೊಳಗೇ ಇದೆ. ಅಲ್ಲಿ ಬೆಳಕು ಹೋದರೆ ದುಡಿಮೆಗೂ ಪೆಟ್ಟು.

ಹೊರಗಡೆ ಹೋದದ್ದು ಸಜ್ಜಾ ಮತ್ತು ಕಟ್ಟೆ. ಹೊಸ ಎಲಿವೇಶನ್‌ಗೆ ಗೋಡೆ ಸಪಾಟಾಗಿ ಕಾಣಬೇಕು, ಕಿಟಕಿ ಮೇಲಿನ ಸಜ್ಜಾ ಹಳೆ ಫ್ಯಾಶನ್. ಆದರೆ ನಮ್ಮ ಮಳೆ ನೆಟ್ಟಗೆ ಬೀಳುವುದಿಲ್ಲ, ಪಶ್ಚಿಮದ ಗಾಳಿಯ ಜೊತೆ ಅಡ್ಡಕ್ಕೆ ಬಡಿಯುತ್ತದೆ. ಸಜ್ಜಾ ಇಲ್ಲದ ಗೋಡೆ ಆಷಾಢ ಮುಗಿಯುವುದರೊಳಗೆ ಪಾಚಿಗಟ್ಟುತ್ತದೆ. ಇನ್ನು ಕಟ್ಟೆ ಒಡೆದು ಬೈಕ್ ನಿಲ್ಲಿಸಲು ಜಾಗ ಮಾಡಿದ ಮನೆಯಲ್ಲಿ ಅಜ್ಜ ಸಂಜೆ ಎಲ್ಲಿ ಕೂಡಬೇಕು?

ಇಷ್ಟೆಲ್ಲ ಹೇಳಿದ್ದಕ್ಕೆ ಹಳೆಯದೆಲ್ಲ ಚಿನ್ನ ಎನ್ನುವವನು ನಾನಲ್ಲ. ಹೆಂಚಿನ ಮನೆಯಲ್ಲಿ ಇದ್ದವರಿಗೇ ಅದರ ಕಷ್ಟ ಗೊತ್ತು. ಮೇ ತಿಂಗಳು ಬಂತೆಂದರೆ ಹೆಂಚು ತಿರುವಿ ಹಾಕಬೇಕು, ಆ ಕೆಲಸಕ್ಕೆ ಹತ್ತುವವರು ಸಿಗುವುದಿಲ್ಲ. ಮಂಗ ಹಾರಿದರೆ ಹತ್ತು ಹೆಂಚು ಪುಡಿ. ಜಂತಿಗೆ ಗೆದ್ದಲು. ಹೆಣ್ಣು ಕೊಡುವವರು ಬಂದಾಗ 'ಇನ್ನೂ ಹೆಂಚಿನ ಮನಿ ಐತಿ' ಎಂಬ ಮಾತು ಬೇರೆ. ತಲೆಮಾರುಗಟ್ಟಲೆ ಬೇರೆಯವರ ವಾಡೆ ನೋಡುತ್ತಲೇ ಬೆಳೆದವನಿಗೆ ತನ್ನ ಮನೆಯೂ ಚಂದ ಕಾಣಬೇಕು ಎನ್ನಿಸಿದರೆ ಅದು ಶೋಕಿಯಲ್ಲ, ಮರ್ಯಾದೆಯ ಪ್ರಶ್ನೆ. ಪಟ್ಟಣದ ಸ್ಲ್ಯಾಬ್ ಮನೆಯಲ್ಲಿ ಕೂತು ಹಳ್ಳಿಯವರಿಗೆ ಹೆಂಚಿನ ಸೊಗಸು ಬೋಧಿಸುವುದು ನನಗೂ ಹಿಡಿಸದು.

ಹಾಗಾದರೆ ಮಾಡಬೇಕಾದ್ದೇನು? ಕೆಲಸದ ಸರದಿ ಬದಲಿಸಿದರೆ ಸಾಕು. ಮೊದಲು ಬುನಾದಿ ಮತ್ತು ಗೋಡೆಯ ತೇವ ನೋಡಿ. ಎರಡನೆಯದು ಶೌಚಾಲಯ, ಬಚ್ಚಲು, ನೀರಿನ ಪೈಪು ಮನೆಯ ಒಳಗೆ ಬರಲಿ. ಮೂರನೆಯದು ಅಡುಗೆಮನೆ: ಎರಡು ಗಾಜಿನ ಹೆಂಚು, ಪೂರ್ವಕ್ಕೊಂದು ಕಿಟಕಿ, ಹೊಗೆ ಹೋಗಲು ದಾರಿ. ಇದರ ಖರ್ಚು ಎಲಿವೇಶನ್ ಖರ್ಚಿನ ಮುಂದೆ ಏನೂ ಅಲ್ಲ. ಗೆದ್ದಲು ತಿಂದ ಜಂತಿಯ ಬದಲು ಕಬ್ಬಿಣದ ಚೌಕ ಪೈಪಿನ ಚೌಕಟ್ಟು ಕೂರಿಸಿ, ಅದೇ ಹೆಂಚನ್ನು ಮತ್ತೆ ಹೊದಿಸಬಹುದು. ಸ್ಲ್ಯಾಬೇ ಬೇಕೆಂದರೆ ಪಿಲ್ಲರ್ ಎಬ್ಬಿಸಿಯೇ ಹಾಕಿ, ಸಾಧ್ಯವಾದರೆ ಇಳಿಜಾರಾಗಿಯೇ ಹಾಕಿ. ಬಣ್ಣ, ಲೈಟು, ಗ್ರಿಲ್ಲು ಕೊನೆಗೆ. ಅವು ಮುಂದಿನ ವರ್ಷವೂ ಆಗುತ್ತವೆ. ನಕ್ಷೆ ಬರೆಸುವ ದಿನ ಮನೆಯ ಹೆಂಗಸರನ್ನೂ ಇಂಜಿನಿಯರ್ ಎದುರು ಕೂಡಿಸಿ.

ಎಲ್ಲ ಭಾರವನ್ನೂ ಮನೆಯವರ ಮೇಲೆ ಹೊರಿಸುವುದೂ ಸರಿಯಲ್ಲ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಬಿದ್ದ ಮೇಲೆ ಪಂಚನಾಮೆಗೆ ಬರುವ ಅಧಿಕಾರಿ ಬೀಳುವ ಮುಂಚೆ ಯಾಕೆ ಬರುವುದಿಲ್ಲ? ಪಂಚಾಯ್ತಿಯಲ್ಲಿ ಇ-ಸ್ವತ್ತು ಉತಾರಕ್ಕೆ ಅಲೆಸುತ್ತೇವೆ, 'ಈ ಗೋಡೆ ಸ್ಲ್ಯಾಬ್ ತಡೆಯುತ್ತದೆಯೇ' ಎಂದು ನೋಡಿ ಹೇಳುವವರು ಒಬ್ಬರೂ ಇಲ್ಲ. ಖಾನಾಪುರದ ಜೇಡಿಮಣ್ಣು ಹೆಂಚು, ಇಟ್ಟಿಗೆ, ಗಡಿಗೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೇ ಊರಿನಲ್ಲಿದೆ. ಹೆಂಚು ಸುಡುವ ಊರಿನಲ್ಲಿ ಹೆಂಚು ಹೊದಿಸುವ ಕೆಲಸವನ್ನು ಹತ್ತು ಹುಡುಗರಿಗೆ ಕಲಿಸುವುದು ಕಷ್ಟವೇನಲ್ಲ. ಮಳೆಗಾಲಕ್ಕೆ ಮುನ್ನ ಪ್ರತಿ ಪಂಚಾಯ್ತಿಗೆ ಒಬ್ಬ ಇಂಜಿನಿಯರ್ ಒಂದು ವಾರ ಹಳೆ ಗೋಡೆ ನೋಡುತ್ತ ತಿರುಗಿದರೂ ಸಾಕು, ಕೆಲವು ಪಂಚನಾಮೆಗಳನ್ನು ಬರೆಯುವ ಪ್ರಸಂಗವೇ ಬರುವುದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಗಟಾರದ ಜೊತೆ ಇದನ್ನೂ ಒಂದು ವಿಷಯವಾಗಿ ಬರೆಸಿ.