ಹಳೆಯ ಪ್ರಿಂಟರ್, ಹೊಸ ವಿಂಡೋಸ್: ಗುಜರಿಗೆ ತಳ್ಳುವ ಹಕ್ಕು ಯಾರದು?

ಟೋನರ್ ಇದೆ, ಕಾಗದ ಇದೆ. ರೋಲರ್ ತಿರುಗುತ್ತದೆ, ಹಸಿರು ದೀಪ ಬೆಳಗುತ್ತದೆ. ಆದರೆ ಹೊಸ ಕಂಪ್ಯೂಟರಿಗೆ ಜೋಡಿಸಿದೊಡನೆ ಪ್ರಿಂಟರ್ ಮೂಕವಾಗುತ್ತದೆ. ನಿನ್ನೆಯವರೆಗೆ ತಕರಾರಿಲ್ಲದೆ ದುಡಿದ ಯಂತ್ರದ ಬಗ್ಗೆ ಮಾರಾಟಗಾರರು ಕೊಡುವ ತೀರ್ಪು ಒಂದೇ: “ಇದು ಹಳೇ ಮಾಡೆಲ್, ಹೊಸದು ತಗೊಳ್ಳಿ.” ಕಂಪ್ಲಿ ತಾಲ್ಲೂಕಿನ ಮೆಟ್ರಿಯಂತಹ ಊರಿನ ಝೆರಾಕ್ಸ್ ಅಂಗಡಿಗೂ, ಸಂಡೂರಿನ ಬೆಟ್ಟದ ತಪ್ಪಲಿನ ಶಾಲೆಗೂ, ಹೊಸಪೇಟೆಯ ಕಚೇರಿಗೂ ಇದೇ ತೀರ್ಪು. ಕೆಟ್ಟಿರುವುದೇನು ಎಂದು ಕೇಳುವವರು ವಿರಳ. ಕೇಳಿದರೆ ಉತ್ತರ ಸರಳ: ಪ್ರಿಂಟರಿನಲ್ಲಿ ಏನೂ ಕೆಟ್ಟಿಲ್ಲ.

ಇದು ಪಟ್ಟಣದವರ ತಾಪತ್ರಯ, ಹಳ್ಳಿಗೇನು ಸಂಬಂಧ ಎನ್ನುವಂತಿಲ್ಲ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಪಹಣಿಗಳು ಗಣಕೀಕೃತಗೊಂಡು, ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಅಂದಿನಿಂದ ರೈತನ ಹೊಲದ ದಾಖಲೆ ಪ್ರಿಂಟರಿನ ಬಾಯಿಂದಲೇ ಹೊರಬರಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಪ್ರವೇಶಪತ್ರ, ಬೆಳೆ ವಿಮೆಯ ರಸೀದಿ ಎಲ್ಲಕ್ಕೂ ಅದೇ ಗತಿ. ಊರಿನ ಪ್ರಿಂಟರ್ ನಿಂತರೆ ಕೂಲಿಕಾರನ ಒಂದು ದಿನದ ದುಡಿಮೆ ತಾಲ್ಲೂಕು ಕೇಂದ್ರದ ಬಸ್ಸಿನಲ್ಲಿ ಕರಗುತ್ತದೆ. ಹೊಸ ಪ್ರಿಂಟರಿನ ಬೆಲೆಯೂ ಕೊನೆಗೆ ಹಾಳೆಯೊಂದರ ದರವಾಗಿ ಅವನ ತಲೆಯ ಮೇಲೆಯೇ ಬೀಳುತ್ತದೆ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಅದರ ಬದಲಿಗೆ ಬಂದ ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. 32 ಬಿಟ್ ವ್ಯವಸ್ಥೆಗೆಂದು ಮಾತ್ರ ಬರೆದ ಡ್ರೈವರ್ ಅದರಲ್ಲಿ ನಡೆಯುವುದಿಲ್ಲ. ಇದಕ್ಕೂ ಮೊದಲೇ, 2023ರ ಸೆಪ್ಟೆಂಬರಿನಲ್ಲಿ, ಪ್ರಿಂಟರ್ ಕಂಪನಿಗಳ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವ ಪದ್ಧತಿಯನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಅದೇ ಸಂಸ್ಥೆ ಪ್ರಕಟಿಸಿತ್ತು. ಈಗಾಗಲೇ ಅಳವಡಿಸಿರುವ ಡ್ರೈವರುಗಳು ಇದರಿಂದ ಒಮ್ಮೆಲೇ ನಿಲ್ಲುವುದಿಲ್ಲ. ಕಂಪನಿಗಳು ತಮ್ಮ ಜಾಲತಾಣದಿಂದ ಡ್ರೈವರ್ ಕೊಡುವುದಕ್ಕೂ ಅಡ್ಡಿಯಿಲ್ಲ. ಆದರೆ ಕೊಡುವುದೂ ಬಿಡುವುದೂ ಕಂಪನಿಯ ಮರ್ಜಿ ಎಂಬಲ್ಲಿಗೆ ಮಾತು ಬಂದು ನಿಂತಿತು. ಹೊಸ ಸರಕನ್ನು ಮಾರಬೇಕಾದವರೇ ಹಳೆಯ ಸರಕಿನ ಆಯುಷ್ಯವನ್ನು ನಿರ್ಧರಿಸುವ ಈ ಏರ್ಪಾಟು ನ್ಯಾಯವೇ?

ದುಭಾಷಿಯ ಗುಟ್ಟು

ಡ್ರೈವರ್ ಎಂದರೆ ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ನಿಂತ ದುಭಾಷಿ. ಕಂಪ್ಯೂಟರ್ ಹೇಳಿದ್ದನ್ನು ಪ್ರಿಂಟರಿಗೆ ತಿಳಿಯುವ ಭಾಷೆಗೆ ಅದು ತಿರುಗಿಸುತ್ತದೆ. ಪ್ರಿಂಟರಿನ ಭಾಷೆ ಎಲ್ಲರಿಗೂ ತಿಳಿದಿದ್ದರೆ ಯಾರು ಬೇಕಾದರೂ ದುಭಾಷಿಯಾಗಬಹುದು. ಗುಟ್ಟಾಗಿದ್ದರೆ ಕಂಪನಿಯ ದುಭಾಷಿ ಬಾರದ ದಿನ ಯಂತ್ರ ಮೂಕ.

ಎಪ್ಸನ್ ಕಂಪನಿಯ ‘ಇಎಸ್‌ಸಿ/ಪಿ’ ಎಂಬ ಆಜ್ಞಾಭಾಷೆಯನ್ನು ಇಡೀ ಉದ್ಯಮ ಅರಿತಿದೆ. ಆದ್ದರಿಂದಲೇ ದಶಕಗಳ ಹಿಂದಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಸರಿಯಾದ ಕೇಬಲ್ ಸಿಕ್ಕರೆ, ಇಂದಿಗೂ ಕರಕರ ಸದ್ದು ಮಾಡುತ್ತ ಬಿಲ್ಲು ಮುದ್ರಿಸುತ್ತದೆ. 1984ರಲ್ಲಿ ಬಂದ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯ ವಿವರಗಳು ಪುಸ್ತಕರೂಪದಲ್ಲಿ ಪ್ರಕಟವಾಗಿವೆ. ಆ ಭಾಷೆ ಬಲ್ಲ ಹಳೆಯ ಲೇಸರ್ ಪ್ರಿಂಟರಿಗೆ ಸಾಮಾನ್ಯ ಡ್ರೈವರೇ ಸಾಕು. ಅನಂತರ ಬೆಲೆ ಇಳಿಸುವ ಪೈಪೋಟಿಯಲ್ಲಿ ಇನ್ನೊಂದು ಬಗೆಯ ಪ್ರಿಂಟರುಗಳು ಬಂದವು. ಇವುಗಳಿಗೆ ಸ್ವಂತ ಬುದ್ಧಿ ಕಡಿಮೆ. ಪುಟವನ್ನು ರೂಪಿಸುವ ಕೆಲಸವೆಲ್ಲ ಕಂಪ್ಯೂಟರಿನದು, ಆಡುವ ಭಾಷೆ ಕಂಪನಿಯ ಖಾಸಗಿ ಸ್ವತ್ತು. ರಾಜ್ಯದ ಸಣ್ಣ ಕಚೇರಿ, ಅಂಗಡಿಗಳಲ್ಲಿ ವ್ಯಾಪಕವಾಗಿ ಕಂಡುಬಂದ ಹೆಚ್‌ಪಿ ಲೇಸರ್‌ಜೆಟ್ 1020 ಈ ಜಾತಿಯದು. ಸ್ವಿಚ್ ಹಾಕಿದಾಗಲೆಲ್ಲ ಅದರ ಒಳತಂತ್ರಾಂಶವನ್ನು ಕಂಪ್ಯೂಟರೇ ಕಳುಹಿಸಿಕೊಡಬೇಕು. ಆದರೆ ರಿಕ್ ರಿಚರ್ಡ್‌ಸನ್ ಎಂಬ ತಂತ್ರಜ್ಞರು ಈ ಬಗೆಯ ಪ್ರಿಂಟರುಗಳ ಭಾಷೆಯನ್ನು ಬಿಡಿಸಿ ‘ಫೂ2ಝೆಡ್‌ಜೆಎಸ್’ ಎಂಬ ಮುಕ್ತ ಡ್ರೈವರನ್ನು ಬರೆದರು. ಹೀಗಾಗಿ ಲಿನಕ್ಸ್‌ನಲ್ಲಿ ಆ ಯಂತ್ರದ ಬದುಕು ಕಂಪನಿಯೊಂದರ ಕೃಪೆಗೆ ಕಟ್ಟುಬೀಳಲಿಲ್ಲ.

ಸ್ವತಂತ್ರ ತಂತ್ರಾಂಶ ಚಳವಳಿಯ ಬೀಜ ಬಿದ್ದದ್ದೂ ಪ್ರಿಂಟರಿನ ಬಳಿಯೇ ಎಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರೊಂದು ಬಂತು. ಕಾಗದ ಸಿಕ್ಕಿಕೊಂಡರೆ ಬಳಕೆದಾರರಿಗೆ ಸೂಚನೆ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಲು ರಿಚರ್ಡ್ ಸ್ಟಾಲ್‌ಮನ್ ಬಯಸಿದರು. ಮೂಲಸಂಕೇತ ಅವರಿಗೆ ಸಿಗಲಿಲ್ಲ. ಸ್ವಂತ ಪ್ರಯೋಗಾಲಯದಲ್ಲಿರುವ ಯಂತ್ರವನ್ನು ತಿದ್ದಲು ಇನ್ನೊಬ್ಬರ ಅಪ್ಪಣೆ ಬೇಕೆಂಬ ಈ ಅನುಭವ ಅವರನ್ನು ಕಾಡಿತು. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದರು. ನಾಲ್ಕು ದಶಕಗಳ ಹಿಂದಿನ ಆ ಪ್ರಶ್ನೆಯೇ ಇಂದು ಮೆಟ್ರಿಯ ಅಂಗಡಿಯ ಮೇಜಿನ ಮೇಲೂ ಕುಳಿತಿದೆ: ಹಣ ಕೊಟ್ಟು ಕೊಂಡ ವಸ್ತುವಿನ ಒಡೆಯ ಯಾರು?

ಭದ್ರತೆಯ ನೆಪ

ಹಳೆಯ ಡ್ರೈವರುಗಳು ಅಪಾಯಕಾರಿ, ಆದ್ದರಿಂದ ಅವುಗಳನ್ನು ಕೈಬಿಡಬೇಕು ಎಂಬುದು ಉದ್ಯಮದ ವಾದ. ಈ ವಾದದಲ್ಲಿ ಹುರುಳಿಲ್ಲವೆಂದಲ್ಲ. 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂದು ಹೆಸರಾದ ದೋಷ ವಿಂಡೋಸಿನ ಮುದ್ರಣ ವ್ಯವಸ್ಥೆಯಲ್ಲಿ ಬಯಲಾಯಿತು. ಡ್ರೈವರ್ ಅಳವಡಿಸುವ ದಾರಿಯಿಂದಲೇ ದಾಳಿಕೋರರು ಕಂಪ್ಯೂಟರನ್ನು ಪೂರ್ಣವಾಗಿ ವಶಪಡಿಸಿಕೊಳ್ಳಬಹುದೆಂದು ಆಗ ಸಾಬೀತಾಯಿತು. ಆದರೆ ದೋಷವಿದ್ದದ್ದು ತಂತ್ರಾಂಶದಲ್ಲಿ. ಶಿಕ್ಷೆ ಮಾತ್ರ ಕಬ್ಬಿಣ, ಪ್ಲಾಸ್ಟಿಕ್ಕಿನ ಗಟ್ಟಿ ಯಂತ್ರಕ್ಕೆ! ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಂಡಂತಾಯಿತು. ತಂತ್ರಾಂಶವನ್ನು ತಿದ್ದಲು ಕಂಪನಿಗೆ ಮನಸ್ಸಿಲ್ಲದಿದ್ದರೆ, ತಿದ್ದಬಲ್ಲವರಿಗೆ ಯಂತ್ರದ ಭಾಷೆಯನ್ನು ತಿಳಿಸಲಿ. ಎರಡನ್ನೂ ಮಾಡದೆ ಭದ್ರತೆಯ ಮಾತಾಡುವುದು ವ್ಯಾಪಾರ.

ಇದು ಬರಿಯ ಆದರ್ಶದ ಮಾತಲ್ಲ. ಲಿನಕ್ಸ್‌ನಲ್ಲಿ ಮುದ್ರಣವನ್ನು ನಡೆಸುವ ‘ಕಪ್ಸ್’ ತಂತ್ರಾಂಶವೂ ಹಳೆಯ ಮಾದರಿಯ ಡ್ರೈವರುಗಳನ್ನು ಬಿಡುವ ಹಾದಿಯಲ್ಲಿದೆ. ಆದರೆ ಅಲ್ಲಿ ಎಲ್ಲವೂ ತೆರೆದಿರುವುದರಿಂದ, ಓಪನ್‌ಪ್ರಿಂಟಿಂಗ್ ಬಳಗದವರು ಹಳೆಯ ಡ್ರೈವರುಗಳಿಗೆ ‘ಪ್ರಿಂಟರ್ ಅಪ್ಲಿಕೇಶನ್’ ಎಂಬ ಹೊಸ ಹೊದಿಕೆ ಹೊಲಿದು ಉಳಿಸುವ ಕೆಲಸ ಮಾಡಿದ್ದಾರೆ. ಬದಲಾವಣೆ ಎರಡೂ ಕಡೆ ಬಂತು. ಭಾಷೆ ತೆರೆದಿದ್ದಲ್ಲಿ ಯಂತ್ರ ಉಳಿಯಿತು, ಬೀಗ ಹಾಕಿದ್ದಲ್ಲಿ ಗುಜರಿ ಸೇರಿತು.

ಅಗೆಯುವುದಕ್ಕೆ ಮಿತಿ, ಎಸೆಯುವುದಕ್ಕೆ?

ಸಂಡೂರಿನ ಬೆಟ್ಟಗಳ ನೆರಳಿನಲ್ಲಿ ಬದುಕುವವರಿಗೆ ಕಬ್ಬಿಣದ ನಿಜವಾದ ಬೆಲೆ ಗೊತ್ತು. ಅಕ್ರಮ ಗಣಿಗಾರಿಕೆಯ ಹಾವಳಿಯಿಂದ ಬೆಟ್ಟ, ಕಾಡು, ಹಳ್ಳಗಳು ಕೆಂಪಾದ ಮೇಲೆ, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಅದಿರು ತೆಗೆಯಲು ವಾರ್ಷಿಕ ಮಿತಿ ಬಂತು. 2022ರಲ್ಲಿ ಬಳ್ಳಾರಿಯ ಆ ಮಿತಿ 2.8 ಕೋಟಿ ಟನ್ನಿನಿಂದ 3.5 ಕೋಟಿ ಟನ್ನಿಗೆ ಏರಿತು. ಪ್ರಿಂಟರಿನ ಚೌಕಟ್ಟು, ಸ್ಪ್ರಿಂಗು, ಮೋಟಾರುಗಳ ಲೋಹವೂ ಯಾವುದೋ ಒಂದು ಬೆಟ್ಟದ ಒಡಲಿನಿಂದಲೇ ಬಂದಿದೆ. ಅಗೆಯುವುದಕ್ಕೆ ನ್ಯಾಯಾಲಯ ಮಿತಿ ಹಾಕಬಲ್ಲುದಾದರೆ, ಅಗೆದದ್ದನ್ನು ಸುಮ್ಮನೆ ಎಸೆಯುವುದಕ್ಕೆ ಮಿತಿ ಹಾಕುವವರು ಯಾರು?

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಪ್ರಕಟಿಸಿದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು ಸೃಷ್ಟಿಸಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಪ್ರಿಂಟರನ್ನೂ ಒಳಗೊಂಡಿವೆ. ಉತ್ಪಾದಕರು ಇಂತಿಷ್ಟು ತ್ಯಾಜ್ಯವನ್ನು ಮರುಬಳಕೆಗೆ ಒಳಪಡಿಸಬೇಕೆಂದು ಅವು ಹೇಳುತ್ತವೆ. ಆದರೆ ಇಂತಿಷ್ಟು ವರ್ಷ ಡ್ರೈವರ್ ಒದಗಿಸಬೇಕೆಂಬ ಷರತ್ತು ಅವುಗಳಲ್ಲಿಲ್ಲ. ಸತ್ತ ಮೇಲಿನ ಸಂಸ್ಕಾರಕ್ಕೆ ನಿಯಮವುಂಟು, ಅಕಾಲದಲ್ಲಿ ಸಾಯಿಸುವುದನ್ನು ತಡೆಯಲು ಇಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಜಾಲತಾಣವನ್ನು ತೆರೆಯಿತು. ಜಾಲತಾಣ ಮಾಹಿತಿ ಕೊಟ್ಟೀತು, ಕಾನೂನಿನಂತೆ ಕಟ್ಟಿಹಾಕದು. ಯುರೋಪಿನ ಒಕ್ಕೂಟವಾದರೋ 2025ರ ಜೂನ್‌ನಿಂದ, ಸ್ಮಾರ್ಟ್‌ಫೋನ್ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಆಪರೇಟಿಂಗ್ ಸಿಸ್ಟಂನ ಪರಿಷ್ಕರಣೆ ನೀಡಬೇಕೆಂದು ಕಡ್ಡಾಯ ಮಾಡಿದೆ. ಫೋನಿಗೆ ಸಾಧ್ಯವಾದದ್ದು ಪ್ರಿಂಟರಿಗೆ ಏಕೆ ಅಸಾಧ್ಯ?

ಗುಜರಿಗೆ ಮುನ್ನ

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮೊದಲು ಪ್ರಿಂಟರಿನ ಹಿಂದಿರುವ ಚೀಟಿಯಲ್ಲಿ ಮಾದರಿಯ ಸಂಖ್ಯೆಯನ್ನು ಸರಿಯಾಗಿ ಓದಿಕೊಳ್ಳಬೇಕು. ಕಂಪನಿಯ ಅಧಿಕೃತ ಜಾಲತಾಣದಲ್ಲಿ 64 ಬಿಟ್ ಡ್ರೈವರ್ ಇದೆಯೇ ನೋಡಬೇಕು. ವಿಂಡೋಸ್ 7 ಅಥವಾ 8ಕ್ಕೆ ಬರೆದ 64 ಬಿಟ್ ಡ್ರೈವರ್ ಎಷ್ಟೋ ವೇಳೆ ಹೊಸದರಲ್ಲೂ ನಡೆಯುತ್ತದೆ. ಪ್ರಿಂಟರಿಗೆ ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಬರುವುದಾದರೆ ಸಾಮಾನ್ಯ ಡ್ರೈವರನ್ನು ಪ್ರಯತ್ನಿಸಬೇಕು. ಉಚಿತ ಡ್ರೈವರಿನ ಆಮಿಷ ಒಡ್ಡುವ ಅಪರಿಚಿತ ತಾಣಗಳ ಹತ್ತಿರ ಸುಳಿಯಬಾರದು. ಅಲ್ಲಿ ಡ್ರೈವರಿನ ಜೊತೆಗೆ ಕಳ್ಳನೂ ಒಳನುಗ್ಗುತ್ತಾನೆ.

ಇದಾವುದೂ ಫಲಿಸದಿದ್ದರೆ ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಚಾಲೂ ಮಾಡಿ, ಒಳಗೆ ಏನನ್ನೂ ಅಳಿಸದೆ, ಪ್ರಿಂಟರನ್ನು ಪರೀಕ್ಷಿಸಬಹುದು. ಎಲ್ಲ ಮಾದರಿಗಳೂ ನಡೆಯುತ್ತವೆ ಎನ್ನಲಾಗದು, ಬಹಳಷ್ಟು ನಡೆಯುತ್ತವೆ. ನಡೆದರೆ, ಮೂಲೆಗೆ ಸೇರಿದ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಸ್ಥಾಪಿಸಿ ಪ್ರಿಂಟರನ್ನು ಅದಕ್ಕೆ ಜೋಡಿಸಿ, ಕಪ್ಸ್ ಮೂಲಕ ಹಂಚಿಕೊಳ್ಳಬಹುದು. ಆಗ ಹೊಸ ವಿಂಡೋಸಿಗೂ ಮೊಬೈಲ್ ಫೋನಿಗೂ ಅದು ಇಂದಿನ ಜಾಲ ಪ್ರಿಂಟರಿನಂತೆಯೇ ಕಾಣಿಸುತ್ತದೆ. ಒಂದು ಯಂತ್ರದ ಬದಲಿಗೆ ಎರಡು ಯಂತ್ರಗಳು ಗುಜರಿಯಿಂದ ಪಾರಾಗುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಬಳಸುತ್ತಿವೆ. ಅಲ್ಲಿನ ಮಕ್ಕಳು ಕಲಿತದ್ದನ್ನು ಕಂಪ್ಲಿ, ಸಂಡೂರಿನ ಮಕ್ಕಳು ಕಲಿಯಲಾರರೇ? ಕಾಲೇಜಿನ ವಿದ್ಯಾರ್ಥಿಗಳು ರಜೆಯಲ್ಲಿ ಊರಿನ ಪ್ರಿಂಟರುಗಳ ಪಟ್ಟಿ ಮಾಡಿ, ಒಂದೊಂದನ್ನೂ ಹೀಗೆ ಪರೀಕ್ಷಿಸಿದರೆ ಅದು ಸಸಿ ನೆಡುವಷ್ಟೇ ಯೋಗ್ಯವಾದ ಪರಿಸರ ಕಾರ್ಯ.

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳು ಮೂರು. ಪಂಚಾಯಿತಿ, ಶಾಲೆ, ಕಚೇರಿಗಳಿಗೆ ಪ್ರಿಂಟರ್ ಕೊಳ್ಳುವ ಟೆಂಡರಿನಲ್ಲಿ, ಪ್ರಕಟಿತ ಭಾಷೆಯನ್ನು ಬಲ್ಲ ಯಂತ್ರವೇ ಆಗಬೇಕೆಂಬ ಷರತ್ತು ಇರಬೇಕು. ಕನಿಷ್ಠ ಎಷ್ಟು ವರ್ಷ ಡ್ರೈವರ್ ಸಿಗುತ್ತದೆಂಬುದನ್ನು ಡಬ್ಬಿಯ ಮೇಲೆಯೇ ಅಚ್ಚು ಮಾಡಬೇಕು. ಬೆಂಬಲ ನಿಲ್ಲಿಸುವ ದಿನವೇ ಕಂಪನಿಯು ಆ ಪ್ರಿಂಟರಿನ ಭಾಷೆಯನ್ನು ಸಾರ್ವಜನಿಕರಿಗೆ ತೆರೆದಿಡಬೇಕು. ಇವುಗಳಲ್ಲಿ ಮೊದಲನೆಯದಕ್ಕೆ ಹೊಸ ಕಾನೂನೂ ಬೇಕಾಗಿಲ್ಲ, ಕೊಳ್ಳುವವರ ಇಚ್ಛಾಶಕ್ತಿ ಸಾಕು. ಬರುವ ಗ್ರಾಮಸಭೆಯಲ್ಲೇ ಈ ಮಾತನ್ನು ಎತ್ತಬಹುದು: ಪಂಚಾಯಿತಿಯ ಹಣದಲ್ಲಿ ಹೊಸ ಪ್ರಿಂಟರ್ ಕೊಳ್ಳುವ ಮೊದಲು, ಹಳೆಯದರಲ್ಲಿ ಕೆಟ್ಟಿರುವುದೇನೆಂದು ಲಿಖಿತವಾಗಿ ತಿಳಿಸಿರಿ.