ನಕ್ಷತ್ರಮೀನಿನ ಮೇಲೇಕೆ ಈ ಮುನಿಸು?

ನಮ್ಮ ಸಂಘದ ಸದಸ್ಯರಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರು ಬೆರಳೆಣಿಕೆಯಷ್ಟು. ಆದರೆ ಅವರು ಸೇರಿದಲ್ಲೆಲ್ಲ ಈಗ ಒಂದೇ ದೂರು: ತೊಟ್ಟಿಯ ಗಾಜಿನ ಮೇಲೆ ಕಡಲೆಬೇಳೆಯಷ್ಟು ಗಾತ್ರದ ನಕ್ಷತ್ರಮೀನುಗಳು ಕಾಣಿಸಿಕೊಂಡಿವೆ, ಕೊಲ್ಲುವುದು ಹೇಗೆ? ಕಚೇರಿ ಬಿಟ್ಟು ಪ್ಯಾರೀಸ್ ಕಾರ್ನರಿನಲ್ಲಿ ಕಾಫಿ ಕುಡಿಯುತ್ತ ನಿಂತಾಗಲೂ ನಮಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೊಲ್ಲುವುದೇಕೆ ಎಂದು ಕೇಳಿದರೆ, "ಎಲ್ಲರೂ ಹಾಗೇ ಹೇಳ್ತಾರೆ ಸಾರ್" ಎಂಬಷ್ಟೇ ಉತ್ತರ.

ಎಲ್ಲರೂ ಹೇಳುವುದನ್ನು ಸ್ವಲ್ಪ ಪರೀಕ್ಷಿಸೋಣ. ಅಸ್ಟೆರಿನಾ ಎಂದು ಕರೆಯುವ ಈ ಪ್ರಾಣಿ ಹೆಸರಿಗೆ ಮೀನು, ಜಾತಿಯಲ್ಲಿ ಮೀನಲ್ಲ. ಯಾರೂ ದುಡ್ಡು ಕೊಟ್ಟು ತಂದದ್ದೂ ಅಲ್ಲ. ಕಲ್ಲಿನ ಸಂದಿ, ಶಂಖದ ಬೆನ್ನು, ಕಡಲಪಾಚಿಯ ಎಳೆ, ಯಾವುದನ್ನಾದರೂ ಹಿಡಿದುಕೊಂಡು ಟಿಕೆಟ್ಟಿಲ್ಲದೆ ಬಂದದ್ದು. ಮೈ ಎರಡಾಗಿ ಸೀಳಿ, ಎರಡೂ ತುಂಡುಗಳು ಪೂರ್ಣ ನಕ್ಷತ್ರಗಳಾಗಿ ಬೆಳೆಯುವುದರಿಂದ ಒಂದೇ ಒಂದು ಬಂದರೂ ಸಾಕು, ಕೆಲವು ತಿಂಗಳಲ್ಲಿ ದೊಡ್ಡ ಸಂಸಾರ. ಇವುಗಳ ತೋಳುಗಳು ಗಿಡ್ಡ, ಉದ್ದ ಎಂದು ಸಮವಿಲ್ಲದಿರುವುದಕ್ಕೂ ಇದೇ ಕಾರಣ. ಹೊಟ್ಟೆಯನ್ನೇ ಬಾಯಿಂದ ಹೊರಚಾಚಿ, ಗಾಜಿನ ಮೇಲಿನ ಪಾಚಿಯ ಪೊರೆಯನ್ನು ಜೀರ್ಣಿಸಿಕೊಳ್ಳುತ್ತವೆ. ಭಾನುವಾರ ನಾವು ಬ್ಲೇಡು ಹಿಡಿದು ಕೆರೆಯುವ ಕೆಲಸವನ್ನು ಸಂಬಳವಿಲ್ಲದೆ ಒಂದಿಷ್ಟು ಮಾಡಿಕೊಡುತ್ತವೆ. ಬೇರೆ ಊರಿಂದ ಬಂದು ಸಂಸಾರ ಹೂಡಿದವರನ್ನು ಕಂಡು ಸಿಡುಕುವುದು ನಮ್ಮಂಥವರಿಗೆ ಶೋಭಿಸುವ ಮಾತೂ ಅಲ್ಲ. ಅದಿರಲಿ.

ಹವಳವನ್ನು ತಿನ್ನುತ್ತವೆ ಎಂಬುದು ಆರೋಪ. ಹವಳ ತಿನ್ನುವ ನಕ್ಷತ್ರಮೀನು ಇರುವುದು ನಿಜ. ಮೈತುಂಬ ಮುಳ್ಳು ಹೊತ್ತು, ಊಟದ ತಟ್ಟೆಯಷ್ಟು ಅಗಲ ಬೆಳೆಯುವ ಅಕಾಂಥಾಸ್ಟರ್ ನಮ್ಮ ಲಕ್ಷದ್ವೀಪ, ಅಂಡಮಾನುಗಳಲ್ಲೂ ಉಂಟು. ಅದರ ಪಾಪವನ್ನು ಈ ಕಡಲೆಬೇಳೆಯ ತಲೆಗೆ ಕಟ್ಟುವುದೇ? ಅಸ್ಟೆರಿನಾ ಬಳಗದಲ್ಲೂ ಕೆಲವು ಹವಳಕ್ಕೆ ಬಾಯಿ ಹಾಕುತ್ತವೆ, ಒಪ್ಪೋಣ. ಆದರೆ ಸತ್ತ ಹವಳದ ಮೇಲೆ ಕಂಡಿತೆಂದ ಮಾತ್ರಕ್ಕೆ ಅದೇ ಕೊಂದಿತೆನ್ನಲಾಗದು. ಸತ್ತ ಹವಳಕ್ಕೆ ಪಾಚಿ ಹತ್ತುತ್ತದೆ, ಪಾಚಿ ಇದ್ದಲ್ಲಿಗೆ ಇದು ಬರುತ್ತದೆ. ಸಾವಿನ ಮನೆಗೆ ಬಂದವರೆಲ್ಲ ಕೊಲೆಗಾರರೇ? ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಮಧ್ಯಾಹ್ನ ಕರೆಂಟು ಹೋದರೆ, 25-26 ಡಿಗ್ರಿಯಲ್ಲಿರಬೇಕಾದ ತೊಟ್ಟಿಯ ನೀರು 30 ದಾಟುತ್ತದೆ. 2010ರಲ್ಲೂ 2016ರಲ್ಲೂ ಮನ್ನಾರ್ ಕೊಲ್ಲಿಯ ಹವಳಗಳು ಬೆಳ್ಳಗಾದದ್ದು ನೀರಿನ ಬಿಸಿಯಿಂದಲೇ. ಥರ್ಮಾಮೀಟರು ನೋಡದೆ ನಕ್ಷತ್ರಮೀನನ್ನು ಹಿಡಿದು ಚಚ್ಚುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಇನ್ನು ಹಾರ್ಲೆಕ್ವಿನ್ ಸೀಗಡಿಯ ಸಲಹೆ. ನೋಡಲು ಬೊಂಬೆಯಂತಿರುವ ಈ ಸೀಗಡಿ ನಕ್ಷತ್ರಮೀನಿನ ಹೊರತು ಬೇರೇನನ್ನೂ ಮುಟ್ಟುವುದಿಲ್ಲವೆನ್ನಬಹುದು. ಅದನ್ನು ತಂದು ಬಿಟ್ಟರೆ ತೊಟ್ಟಿ ಖಾಲಿಯಾಗುವುದು ಖಂಡಿತ. ಆಮೇಲೆ? ಒಂದೋ ಅದು ಹಸಿದು ಸಾಯಬೇಕು, ಇಲ್ಲವೇ ಅದರ ಹೊಟ್ಟೆಗೆಂದು ಸಮುದ್ರದಿಂದ ಹಿಡಿದು ತಂದ ಅಂಗೈಯಗಲದ ನಕ್ಷತ್ರಮೀನುಗಳನ್ನು ಮತ್ತೆ ಮತ್ತೆ ಕೊಳ್ಳಬೇಕು. ಅದೂ ತೋಳಿನ ತುದಿಯಿಂದ ಸ್ವಲ್ಪ ಸ್ವಲ್ಪವಾಗಿ, ಜೀವ ಇರುವಾಗಲೇ ತಿನ್ನುತ್ತದೆ. ಉಗುರಿನಷ್ಟರ ಪಾಚಿಭಕ್ಷಕನ ಮೇಲಿನ ಮುನಿಸಿಗೆ ಇಷ್ಟೆಲ್ಲ ಏಕೆ, ಸ್ವಾಮಿ?

ಇದಕ್ಕಿಂತ ಕೆಟ್ಟದ್ದು, ಇದ್ದ ಕಲ್ಲನ್ನೆಲ್ಲ ಎಸೆದು "ಸಮುದ್ರದಿಂದ ಹೊಸದಾಗಿ ಬಂದ" ಜೀವಂತ ಕಲ್ಲನ್ನು ಕೊಳ್ಳುವ ಚಪಲ. ರಾಮೇಶ್ವರದಿಂದ ತೂತ್ತುಕುಡಿಯವರೆಗಿನ 21 ದ್ವೀಪಗಳ ಸುತ್ತಣ ಕಡಲು 1986ರಿಂದ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಕಲ್ಲುಹವಳಗಳು 2001ರಲ್ಲೇ ಸೇರಿವೆ, ಹುಲಿಯ ಸಾಲಿನಲ್ಲಿ. ಹುಲಿಯ ಚರ್ಮ ಮನೆಯಲ್ಲಿ ತೂಗುಹಾಕಲು ಹೆದರುವವರು ಹವಳದ ತುಂಡನ್ನು ಮೇಜಿನ ಮೇಲಿಡಲು ಹೆದರುವುದಿಲ್ಲ. ಕೊಟ್ಟವನು ಎಲ್ಲಿಂದ ತಂದನೆಂದು ಕೇಳುವುದೂ ಇಲ್ಲ. ಸಿಮೆಂಟಿನಿಂದ ಮಾಡಿದ ಕಲ್ಲಿಗೂ ವರ್ಷದೊಳಗೆ ಜೀವ ಹತ್ತುತ್ತದೆ, ಕಾಯುವ ತಾಳ್ಮೆ ಬೇಕಷ್ಟೆ.

ಅಷ್ಟಾಗಿಯೂ ಅನುಮಾನವಿದ್ದರೆ ರಾತ್ರಿ ದೀಪ ಆರಿಸಿ, ಟಾರ್ಚ್ ಹಿಡಿದು ನಾಲ್ಕು ದಿನ ನೋಡಿ. ಬದುಕಿರುವ ಹವಳದ ಮೇಲೇ ಕುಳಿತಿದ್ದು, ಎದ್ದ ಜಾಗದಲ್ಲಿ ಬಿಳಿಯ ಗಾಯ ಕಂಡರೆ, ಆ ಒಂದನ್ನು ಚಿಮುಟದಿಂದ ತೆಗೆಯಿರಿ. ಸಂಖ್ಯೆ ಮಿತಿಮೀರಿದರೆ ಮೀನಿಗೆ ಹಾಕುವ ಊಟವನ್ನು ಕಡಿಮೆ ಮಾಡಿ, ಪಾಚಿ ತಗ್ಗಿದರೆ ಇವೂ ತಗ್ಗುತ್ತವೆ. ತೆಗೆದದ್ದನ್ನು ಮಾತ್ರ ಪುಣ್ಯವೆಂದು ಮರೀನಾದ ನೀರಿಗೆ ಬಿಡಬೇಡಿ. ಯಾವ ದೇಶದ ಕಡಲಿನದೋ ನಮಗೆ ತಿಳಿಯದು, ನಮ್ಮ ಕಡಲಿಗೆ ಅದು ಹೊಸ ಪೀಡೆಯಾದೀತು.