ಯಾರ ಮ್ಯಾನ್ಮಾರ್ ನಮ್ಮ ನೆರೆ?

2021ರ ಮಾರ್ಚ್ 27ರಂದು, ಸೇನೆ ಅಧಿಕಾರ ಕಿತ್ತುಕೊಂಡ ಎರಡು ತಿಂಗಳೊಳಗೆ, ಮ್ಯಾನ್ಮಾರಿನ ರಾಜಧಾನಿ ನೇಪಿಡಾದಲ್ಲಿ ಸೇನಾ ದಿನದ ಪೆರೇಡ್ ನಡೆಯಿತು. ಅದೇ ದಿನ ಆ ದೇಶದ ಊರೂರಲ್ಲಿ ಸೈನಿಕರು ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಸತ್ತವರಲ್ಲಿ ಮಕ್ಕಳೂ ಇದ್ದರು. ಆ ಪೆರೇಡಿಗೆ ಪ್ರತಿನಿಧಿಯನ್ನು ಕಳಿಸಿದ ಎಂಟು ದೇಶಗಳಲ್ಲಿ ನಮ್ಮದೂ ಒಂದು.

ಒಂದು ಸರ್ಕಾರಕ್ಕೆ ಮಾನ್ಯತೆ ಕೊಡಲು ಡಂಗುರ ಸಾರಬೇಕಿಲ್ಲ. ಪೆರೇಡಿನಲ್ಲಿ ಹೋಗಿ ಕೂತರೆ ಸಾಕು, ಅದು ಕಳಿಸಿದ ರಾಯಭಾರಿಯನ್ನು ಸ್ವೀಕರಿಸಿದರೆ ಸಾಕು. 2021ರ ಏಪ್ರಿಲ್‌ನಲ್ಲಿ, ಸೇನೆಯನ್ನು ವಿರೋಧಿಸಿದ ಮ್ಯಾನ್ಮಾರ್ ರಾಯಭಾರಿಯನ್ನು ಲಂಡನ್ನಿನ ಬೀದಿಯಲ್ಲಿ ಬಿಟ್ಟು ಅವರದೇ ಕಚೇರಿಯವರು ಬಾಗಿಲು ಹಾಕಿಕೊಂಡರು. ಬ್ರಿಟನ್ ಖಂಡಿಸಿತು, ಖಂಡಿಸುತ್ತಲೇ ಅವರನ್ನು ತೆಗೆದುಹಾಕುವ ಸೇನೆಯ ತೀರ್ಮಾನವನ್ನು ಒಪ್ಪಿಕೊಂಡಿತು. ವಿಶ್ವಸಂಸ್ಥೆಯಲ್ಲಿ ಮಾತ್ರ ಬೇರೆಯಾಯಿತು. ಮೂರು ಬೆರಳೆತ್ತಿ ಸೇನೆಯನ್ನು ಧಿಕ್ಕರಿಸಿದ, ಅಲ್ಲಿಯ ಮ್ಯಾನ್ಮಾರ್ ಪ್ರತಿನಿಧಿ ಕ್ಯಾವ್ ಮೋ ಟುನ್ ಅವರನ್ನು ಜನರಲ್‌ಗಳು ಮರುದಿನವೇ ವಜಾ ಮಾಡಿದರೂ, ಜಗತ್ತು ತೀರ್ಮಾನವನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಅವರನ್ನು ಅದೇ ಕುರ್ಚಿಯಲ್ಲಿ ಉಳಿಸಿತು. ಅರೆಮನಸ್ಸಿನ ನ್ಯಾಯ ಅದು. ಆದರೂ ನ್ಯಾಯ.

2020ರ ನವೆಂಬರಿನಲ್ಲಿ ಅಲ್ಲಿಯ ಜನ ಮತ ಹಾಕಿದ್ದರು. 476 ಸ್ಥಾನಗಳಲ್ಲಿ 396 ಆಂಗ್ ಸಾನ್ ಸೂಚಿಯವರ ಪಕ್ಷಕ್ಕೆ ಬಂದವು. ಹೊಸ ಸಂಸತ್ತು ಸೇರಬೇಕಿದ್ದ ದಿನವೇ, 2021ರ ಫೆಬ್ರುವರಿ 1ರ ನಸುಕಿನಲ್ಲಿ, ಸೇನೆ ಅವರನ್ನು ಬಂಧಿಸಿ ಅಧಿಕಾರ ಕಿತ್ತುಕೊಂಡಿತು. ಮುಸ್ಲಿಂ ಅಲ್ಪಸಂಖ್ಯಾತರಾದ ರೋಹಿಂಗ್ಯಾಗಳ ವಿಷಯದಲ್ಲಿ ಹೇಗ್ ನ್ಯಾಯಾಲಯದೆದುರು ಸೇನೆಯ ಪರವಾಗಿ ಸೂಚಿ ಆಡಿದ ಮಾತನ್ನು ನಾನು ಕ್ಷಮಿಸಲಾರೆ. ಆದರೆ ಆ ಮತಗಳು ಅವರೊಬ್ಬರ ಸ್ವತ್ತಲ್ಲ. ಗೆದ್ದವರು ಕಟ್ಟಿಕೊಂಡ ರಾಷ್ಟ್ರೀಯ ಏಕತಾ ಸರ್ಕಾರ ರೋಹಿಂಗ್ಯಾಗಳಿಗೆ ಪೌರತ್ವದ ಭರವಸೆ ಕೊಟ್ಟಿತು. ಜನರಲ್‌ಗಳೋ, 2023ರಲ್ಲಿ ಆ ಪಕ್ಷವನ್ನೇ ವಿಸರ್ಜಿಸಿ, 2025ರ ಡಿಸೆಂಬರಿನಲ್ಲಿ ತಮ್ಮದೇ ಚುನಾವಣೆ ಶುರುಮಾಡಿದರು. ಇದನ್ನೂ ಚುನಾವಣೆ ಎನ್ನುವುದೇ?

ಆ ಸೇನೆಯ ಜೊತೆಗೇಕೆ ಎಂದರೆ, ಗಡಿ ಉದ್ದವಿದೆ, ಚೀನಾ ಕಾದು ಕೂತಿದೆ ಎಂದು ದೆಹಲಿ ಹೇಳುತ್ತದೆ. ನಿಜ. ಆದರೆ ಆ ಗಡಿಯ ದೊಡ್ಡ ಭಾಗ ಈಗ ಸೇನೆಯ ಕೈಯಲ್ಲೇ ಇಲ್ಲ. 1971ರಲ್ಲೂ ಗಡಿ ಉದ್ದವೇ ಇತ್ತು. ಬಾಂಗ್ಲಾದೇಶಕ್ಕೆ ಡಿಸೆಂಬರ್ 6ರಂದು ಮಾನ್ಯತೆ ಕೊಡುವುದಕ್ಕೆ ತಿಂಗಳುಗಳ ಮೊದಲೇ, ಅದರ ದೇಶಭ್ರಷ್ಟ ಸರ್ಕಾರಕ್ಕೆ ಕಲ್ಕತ್ತೆಯಲ್ಲಿ ಜಾಗ ಕೊಟ್ಟವರು ನಾವು.

ಇದು ದೂರದ ಮಾತಲ್ಲ, ಬೆಂಗಳೂರಿನ ಮಾತು. ಸೇನಾದಂಗೆಯ ನಂತರ ಭಾರತದ ಸಂಸ್ಥೆಗಳಿಂದ 5.1 ಕೋಟಿ ಡಾಲರ್ ಮೌಲ್ಯದ ಶಸ್ತ್ರಾಸ್ತ್ರ ಮತ್ತು ಸಂಬಂಧಿತ ಸಾಮಗ್ರಿ ಆ ಸೇನೆಗೆ ಹೋಗಿದೆ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರಲ್ಲಿ ಬರೆದರು. ಅದರಲ್ಲಿ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಹೆಸರಿದೆ. ಚುನಾಯಿತ ಸರ್ಕಾರದೊಂದಿಗಿನ ಹಳೆಯ ಒಪ್ಪಂದ ಎನ್ನುವುದು ಉತ್ತರವಲ್ಲ. ಒಪ್ಪಂದ ಮಾಡಿಕೊಂಡವರು ಜೈಲು ಸೇರಿದ ಮೇಲೂ ಸರಕು ಯಾರಿಗೆ ಹೋಗುತ್ತಿದೆ?

ನಾವು ಕೇಳಬೇಕು. ನಿಮ್ಮ ಸಂಸದರಿಗೆ ಬರೆಯಿರಿ: ಆ ಸೇನೆಗೆ ಒಂದು ಬಿಡಿಭಾಗವೂ ಹೋಗಕೂಡದು, ಏಕತಾ ಸರ್ಕಾರದೊಂದಿಗೆ ದೆಹಲಿ ಬಹಿರಂಗವಾಗಿ ಮಾತಾಡಬೇಕು, ಮಿಜೋರಾಂನವರು ತಮ್ಮ ಅನ್ನ ಹಂಚಿಕೊಂಡು ಕಾಪಾಡುತ್ತಿರುವ ಮ್ಯಾನ್ಮಾರಿನ ನಿರಾಶ್ರಿತರನ್ನು ಅಕ್ರಮ ವಲಸಿಗರೆಂದು ಅಟ್ಟಕೂಡದು. ಉತ್ತರ ಬರುವವರೆಗೆ ಮತ್ತೆ ಮತ್ತೆ ಬರೆಯಿರಿ.